ಸ್ಟೆಪ್ನಿಯಲ್ಲಿ ಹವಾ ಇದೆಯೇ?

ಕಳೆದ ಎಳ್ಳಮವಾಸ್ಯೆಗೆ ನಮ್ಮ ಬೀಗರ ಮಗ ಪುಣೆಯಿಂದ ತನ್ನ ಹೊಸ ಕಾರು ತಂದಿದ್ದ. ವಿದೇಶಿ ಕಂಪನಿಯ ಕಾರು. ನೋಡಲು ಸಣ್ಣದು, ಬೆಲೆ ಕೇಳಿದರೆ ದ್ರಾಕ್ಷಿ ಪಡದ ಲೆಕ್ಕದಲ್ಲಿ ಮಾತಾಡಬೇಕು. ಅವರ ಹೊಲ ಇರುವುದು ತಿಕೋಟಾದ ಆಚೆ. ಚರಗ ಚೆಲ್ಲಲು ಹೊರಟಾಗ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿಯ ಬುತ್ತಿ ಹಿಡಿದುಕೊಂಡು ಮನೆಯ ಹಿರಿಯರೆಲ್ಲ ಚಕ್ಕಡಿ ಬಿಟ್ಟು ಆ ಕಾರಿನಲ್ಲೇ ಕೂತರು. ಹೊಲದ ದಾರಿ ಗರಸಿನದು. ಮಳೆಗಾಲದಲ್ಲಿ ಗರಸು ತೊಳೆದು ಹೋಗಿ ಕರಿಕಲ್ಲಿನ ಚೂಪು ಮೇಲೆದ್ದಿತ್ತು. ಅಂಥದೊಂದು ಕಲ್ಲು ಹಿಂದಿನ ಗಾಲಿಯ ಪಕ್ಕೆಗೆ ತಾಗಿತು. ಮುಂದೆ ಹಳದಿ ದೀಪ ಹತ್ತಿತು.

ಎಲ್ಲರೂ ಇಳಿದು ನೋಡಿದೆವು. ನಾಲ್ಕೂ ಗಾಲಿ ನೆಟ್ಟಗೆ ನಿಂತಿವೆ. ಯಾವುದೂ ಕೂತಿಲ್ಲ. ಹುಡುಗ ಪರದೆ ನೋಡಿ ಹೇಳಿದ: "ಮಾವಾ, ಬಲಗಡೆ ಹಿಂದಿನ ಗಾಲಿಯಾಗ ಹವಾ ಸೊನ್ನೆ ಐತಿ." ಅವನ ಅಜ್ಜ ಡಿಕ್ಕಿ ತೆಗೆಸಿದರು. ಅಡಿಯ ಹಾಸು ಎತ್ತಿಸಿದರು. ಅಲ್ಲಿ ಸ್ಟೆಪ್ನಿ ಇಲ್ಲ, ಜಾಕ್ ಇಲ್ಲ, ಪಾನಾ ಇಲ್ಲ. "ಇಷ್ಟ ರೊಕ್ಕಾ ಎಣಿಸಿ ಕೊಟ್ಟಿ, ಒಂದು ಗಾಲಿ ಜಾಸ್ತಿ ಕೊಡಲಿಲ್ಲೇನೋ ಅವ್ರು?" ಎಂದು ಅವರು ಕೇಳಿದರು.

ಅವರ ಪ್ರಶ್ನೆಗೆ ಹೊಲದಲ್ಲಿ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಇವತ್ತು ನಾನು ಪ್ರಯತ್ನ ಮಾಡುತ್ತೇನೆ.

ಆ ಕಾರಿಗೆ ಇದ್ದದ್ದು ರನ್‌ಫ್ಲ್ಯಾಟ್ ಟೈರು. ಹವಾ ಪೂರ್ತಿ ಹೋದರೂ ಓಡುವ ಟೈರು ಎಂದು ಅರ್ಥ. ಇದರ ಗುಟ್ಟು ದೊಡ್ಡದೇನಲ್ಲ. ಸಾಮಾನ್ಯ ಟೈರಿನ ಪಕ್ಕೆ ತೆಳ್ಳಗೆ, ಬಾಗುವ ಹಾಗೆ ಇರುತ್ತದೆ. ಹವಾ ಹೋದರೆ ಅದು ಮಡಚಿಕೊಂಡು ಕೂರುತ್ತದೆ. ಹಾಗೆಯೇ ಓಡಿಸಿದರೆ ಮೇಲಿನಿಂದ ಡಿಸ್ಕು, ಕೆಳಗಿನಿಂದ ರಸ್ತೆ, ನಡುವೆ ಸಿಕ್ಕ ರಬ್ಬರು ಅಡಕೊತ್ತಿನಲ್ಲಿ ಸಿಕ್ಕ ಅಡಕೆಯ ಹಾಗೆ ಕತ್ತರಿಸಿ ಹೋಗುತ್ತದೆ. ರನ್‌ಫ್ಲ್ಯಾಟಿನ ಪಕ್ಕೆಯೊಳಗೆ ಶಾಖ ತಡೆಯುವ ಗಟ್ಟಿ ರಬ್ಬರಿನ ದಪ್ಪ ಪದರ ಇಟ್ಟಿರುತ್ತಾರೆ. ನಮ್ಮ ಗೋಳಗುಮ್ಮಟದ ನಡುವೆ ಕಂಬವೇ ಇಲ್ಲ, ಭಾರವೆಲ್ಲ ಗೋಡೆಯ ಮೇಲೆ ನಿಂತಿದೆಯಲ್ಲ, ಇದೂ ಹಾಗೆಯೇ: ಒಳಗಿನ ಹವಾ ಇಲ್ಲದಾಗ ಗೋಡೆಯೇ ಕಾರನ್ನು ಹೊರುತ್ತದೆ.

ಆದರೆ ಎಷ್ಟು ಹೊತ್ತು? ಸಾಮಾನ್ಯವಾಗಿ ಕಂಪನಿಗಳು ಕೊಡುವ ಮಾತು, ಗಂಟೆಗೆ 80 ಕಿಲೋಮೀಟರ್ ವೇಗ ಮೀರದಂತೆ 80 ಕಿಲೋಮೀಟರ್ ದೂರ. ಅದಕ್ಕೆ ಕಾರಣ ಶಾಖ. ನಮ್ಮಲ್ಲಿ ಬಹಳ ಕಾರುಗಳಿಗಿರುವ 165/80 ಆರ್ 14 ಅಳತೆಯ ಟೈರು ತಗೊಳ್ಳಿ. ಅದರ ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ. ಅಂದರೆ ಒಂದು ಕಿಲೋಮೀಟರ್ ಓಡುವಾಗ 500ಕ್ಕೂ ಹೆಚ್ಚು ಸುತ್ತು, 80 ಕಿಲೋಮೀಟರಿಗೆ 40 ಸಾವಿರಕ್ಕೂ ಹೆಚ್ಚು ಸುತ್ತು. ಒಂದೊಂದು ಸುತ್ತಿಗೂ ಪಕ್ಕೆಯ ಒಂದೊಂದು ಭಾಗ ಒಮ್ಮೆ ಬಾಗಿ ಒಮ್ಮೆ ನೆಟ್ಟಗಾಗಬೇಕು. ತಂತಿಯನ್ನು ಹಿಂದೆಮುಂದೆ ಬಾಗಿಸಿ ನೋಡಿ, ಬೆರಳಿಗೆ ಬಿಸಿ ಹತ್ತುತ್ತದೆ. ರಬ್ಬರಿನ ಕಥೆಯೂ ಅದೇ. ಒಳಗೊಳಗೇ ಬೆಂದು ಕೊನೆಗೆ ಪದರ ಬಿಡುತ್ತದೆ.

ಹುಡುಗ ಕಾರನ್ನು ನಿಧಾನವಾಗಿ ನಡೆಸಿಕೊಂಡು ತಿಕೋಟಾ ದಾಟಿ, ತೊರವಿ ದಾಟಿ ವಿಜಯಪುರಕ್ಕೆ ತಂದ. ಹೆಚ್ಚುಕಡಿಮೆ 20 ಕಿಲೋಮೀಟರ್. ಕಾರಿನಲ್ಲಿ ಕೂತವರಿಗೆ ಏನೂ ಗೊತ್ತಾಗಲಿಲ್ಲ. ಅಲ್ಲಿಯವರೆಗೆ ಆ ಟೈರಿನ ಮೇಲೆ ನನಗೂ ಮೆಚ್ಚುಗೆ ಬಂದಿತ್ತು. ತಕರಾರು ಶುರುವಾದದ್ದು ಊರು ಮುಟ್ಟಿದ ಮೇಲೆ. ಮೊದಲ ಅಂಗಡಿಯವರ ಯಂತ್ರ ಆ ಟೈರನ್ನು ಡಿಸ್ಕಿನಿಂದ ಬಿಡಿಸಲಿಲ್ಲ. "ಪಕ್ಕಿ ಕಲ್ಲಾಗೇತ್ರಿ ಸರ, ಜಗ್ಗಿದ್ರ ಡಿಸ್ಕ್ ಮುರದೀತು" ಎಂದು ಅಂಗಡಿಯ ಹುಡುಗ ಕೈ ಒರೆಸಿಕೊಂಡ. ಎರಡನೆಯ ಅಂಗಡಿಯವರು ಬಿಡಿಸಿದರು. ಒಳಗೆ ನೋಡಿದರೆ ಪಕ್ಕೆಯಲ್ಲಿ ಸೀಳು. ಪಕ್ಕೆ ಸೀಳಿದ ಟೈರಿಗೆ ಪಂಚರ್ ಇಲ್ಲ, ಅದು ಯಾವ ಜಾತಿಯ ಟೈರಾದರೂ ಅಷ್ಟೆ. ಆ ಅಳತೆಯ ರನ್‌ಫ್ಲ್ಯಾಟು ಊರಲ್ಲಿ ಯಾರಲ್ಲೂ ಇರಲಿಲ್ಲ. ಹೊರಗಿನಿಂದ ತರಿಸಬೇಕಾಯಿತು, ಮೂರು ದಿನ ಹಿಡಿಯಿತು. ಅಷ್ಟು ದಿನ ಆ ಕಾರು ನಮ್ಮ ಮನೆಯ ಮುಂದೆ ಇಟ್ಟಂಗಿಯ ಮೇಲೆ ಒಂದು ಕಾಲು ಎತ್ತಿಕೊಂಡು ನಿಂತಿತ್ತು. ಓಣಿಯ ಹುಡುಗರೆಲ್ಲ ಬಂದು ನೋಡಿ ಹೋದರು.

ಟೈರಿನ ಹಳೆಯ ಕಥೆಯನ್ನೂ ಸ್ವಲ್ಪ ನೋಡೋಣ. ಹವಾ ತುಂಬಿದ ಟೈರನ್ನು ಬಳಕೆಗೆ ತಂದವನು ಡನ್‌ಲಪ್ ಎಂಬಾತ, 1888ರಲ್ಲಿ. ಆತನ ಕಸಬು ದನಗಳ ಡಾಕ್ಟರಿಕೆ. ಬೆಲ್‌ಫಾಸ್ಟ್ ಊರಿನ ಕಲ್ಲುಹಾಸಿನ ಮೇಲೆ ಮಗನ ಮೂರು ಗಾಲಿಯ ಸೈಕಲ್ಲು ಕುಕ್ಕುವುದನ್ನು ನೋಡಲಾರದೆ ರಬ್ಬರ್ ಕೊಳವೆಗೆ ಹವಾ ತುಂಬಿ ಕಟ್ಟಿದ. ಟೈರು ಹಾಕಿದ ಚಕ್ಕಡಿಗೆ ನಮ್ಮ ಹಳಬರು ಡನ್‌ಲಪ್ ಗಾಡಿ ಎನ್ನುವುದು ಅವನ ಹೆಸರಿನಿಂದಲೇ. ತಮಾಷೆ ನೋಡಿ, ದನದ ಡಾಕ್ಟರು ಹುಟ್ಟಿಸಿದ ಟೈರಿಗೆ ನಮ್ಮ ಕಡೆ ದೊಡ್ಡ ವೈರಿ ಎತ್ತಿನ ಲಾಳದ ಮೊಳೆ.

ಸ್ಟೆಪ್ನಿ ಎನ್ನುವ ಮಾತಿಗೂ ಊರಿದೆ. ಬ್ರಿಟನ್ನಿನ ವೇಲ್ಸ್ ಸೀಮೆಯ ಲ್ಲನೆಲ್ಲಿ ಪಟ್ಟಣದಲ್ಲಿ ಸ್ಟೆಪ್ನಿ ಎಂಬ ಬೀದಿ. ಡೇವಿಸ್ ಎಂಬ ಅಣ್ಣತಮ್ಮಂದಿರು 1904ರಲ್ಲಿ ಅಲ್ಲಿ ಹೆಚ್ಚುವರಿ ಗಾಲಿ ಮಾರಲು ಶುರು ಮಾಡಿದರು. ಆಗಿನ ಕಾರಿಗೆ ಗಾಲಿ ಬಿಚ್ಚುವ ಅನುಕೂಲ ಇರಲಿಲ್ಲ. ಕೂತ ಗಾಲಿಯ ಪಕ್ಕಕ್ಕೇ ಅರೆಗಳಿಲ್ಲದ ಇನ್ನೊಂದು ಗಾಲಿಯನ್ನು ಬಿಗಿದು ಮನೆ ಮುಟ್ಟುತ್ತಿದ್ದರು. ಈಗ ಇಂಗ್ಲೆಂಡಿನಲ್ಲಿ ಆ ಮಾತು ಹೆಚ್ಚುಕಡಿಮೆ ಮರೆತೇ ಹೋಗಿದೆ. ಬಬಲೇಶ್ವರದ ಪಂಚರ್ ಅಂಗಡಿಯ ಹುಡುಗನ ಬಾಯಲ್ಲಿ ಅದು ದಿನಕ್ಕೆ ಹತ್ತು ಸಲ ಬರುತ್ತದೆ.

ರನ್‌ಫ್ಲ್ಯಾಟು ಕೂಡ ನಿನ್ನೆಮೊನ್ನೆಯದಲ್ಲ. 1970ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಮಿನಿ 1275 ಜಿಟಿ ಎಂಬ ಪುಟ್ಟ ಕಾರಿಗೆ ಡನ್‌ಲಪ್ ಕಂಪನಿಯ ಡೆನೊವೊ ಎಂಬ ಇಂಥ ಟೈರು ಬೇಕೆಂದವರಿಗೆ ಸಿಗುತ್ತಿತ್ತು. ಅಂದರೆ ಸಣ್ಣ ಕಾರಿಗೂ ಇದಕ್ಕೂ 50 ವರ್ಷದ ಪರಿಚಯ. ಇಷ್ಟು ವರ್ಷವಾದರೂ ಸಣ್ಣ ಕಾರಿನ ಜನ ಅದನ್ನು ಮನೆತುಂಬಿಸಿಕೊಳ್ಳಲಿಲ್ಲ ಎನ್ನುವುದನ್ನೂ ಗಮನಿಸಬೇಕು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ವಿಜಯಪುರದಲ್ಲಿ ಒಂದು ಸಣ್ಣ ಕಾರು ಇದೆ. ಟೈರು ಸವೆದಿವೆ. ಮಗನೋ ಅಳಿಯನೋ ಫೋನಿನಲ್ಲಿ ಓದಿ ಹೇಳುತ್ತಾನೆ: ರನ್‌ಫ್ಲ್ಯಾಟ್ ಹಾಕಿಸಿರಿ, ಪಂಚರಿನ ಚಿಂತೆಯೇ ಇಲ್ಲ. ಹಾಕಿಸಬೇಕೇ?

ನನ್ನ ಉತ್ತರ ಬೇಡ ಎಂದು. ಮೊದಲ ಮಾತು, 12, 13, 14 ಇಂಚಿನ ಗಾಲಿಯ ಅಳತೆಗೆ ಇದು ನಮ್ಮ ಅಂಗಡಿಗಳಲ್ಲಿ ಸಿಗುವ ಸರಕಲ್ಲ. ಹೆಚ್ಚಾಗಿ 16 ಇಂಚು ಮತ್ತು ಅದಕ್ಕೂ ದೊಡ್ಡ ಗಾಲಿಯ ದುಬಾರಿ ಕಾರುಗಳಿಗೆ ಬರುವಂಥದು. ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಬೆಲೆ ಸಾಮಾನ್ಯ ಟೈರಿನ ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ತೂಕ ಹೆಚ್ಚು. ಪಕ್ಕೆ ಗಟ್ಟಿಯಾದ್ದರಿಂದ ಗುಂಡಿಗೆ ಬಿದ್ದಾಗ ಆ ಏಟನ್ನು ಟೈರು ನುಂಗುವುದಿಲ್ಲ, ನೇರ ನಿಮ್ಮ ನಡಕ್ಕೆ ಕಳಿಸುತ್ತದೆ. ಇಂಥ ಟೈರಿನೊಂದಿಗೆ ಹುಟ್ಟಿದ ಕಾರಿಗೆ ಸಸ್ಪೆನ್ಷನ್ನನ್ನು ಅದಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ. ನಮ್ಮ ಕಾರಿಗೆ ಹಾಗಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಒಂದಿದೆ. ಎಳ್ಳಮವಾಸ್ಯೆಯ ದಿನ ನಾವು ಐದಾರು ಜನ ಬಗ್ಗಿ ನೋಡಿದರೂ ಯಾವ ಗಾಲಿಯಲ್ಲಿ ಹವಾ ಇಲ್ಲ ಎಂದು ತಿಳಿಯಲಿಲ್ಲ. ಪರದೆ ಹೇಳಿತು. ಗಾಲಿಯ ಹವಾ ಅಳೆದು ತಿಳಿಸುವ ವ್ಯವಸ್ಥೆ ಇಲ್ಲದ ಕಾರಿಗೆ ರನ್‌ಫ್ಲ್ಯಾಟು ಹಾಕಿದರೆ, ಹವಾ ಹೋದದ್ದು ಗೊತ್ತೇ ಆಗದೆ ನೀವು ಮನಗೂಳಿಗೋ ಇಂಡಿಗೋ ಹೋಗಿ ಬರುತ್ತೀರಿ. 80 ಕಿಲೋಮೀಟರಿನ ಗಡುವು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ದೇವರೇ ಬಲ್ಲ.

ಆ 80ರ ಲೆಕ್ಕವನ್ನೇ ನಮ್ಮ ನಕಾಶೆಯ ಮೇಲೆ ಇಟ್ಟು ನೋಡಿ. ಸೊಲ್ಲಾಪುರ ಇಲ್ಲಿಂದ ಸುಮಾರು 100 ಕಿಲೋಮೀಟರ್, ಹುಬ್ಬಳ್ಳಿ 200ರ ಹತ್ತಿರ. ದೊಡ್ಡ ಕಾರಿನ ಟೈರು ಸಿಗುವ ಸಾಧ್ಯತೆ ಇರುವ ದೊಡ್ಡ ಊರುಗಳು 80ರ ಗೆರೆಯ ಆಚೆಗೇ ಇವೆ. ಗೆರೆಯ ಒಳಗೆ ಇರುವುದು ಬತ್ತಿ ಹಾಕುವ ಪಂಚರ್ ಅಂಗಡಿಗಳು. ಒಂದು ಹಳೆಯ ಟೈರನ್ನು ಕಂಬಕ್ಕೆ ನೇತುಹಾಕಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಪಂಚರ್ ಎಂದು ಬರೆದ ಅಂಗಡಿ ಅಥಣಿ ರಸ್ತೆಯಲ್ಲಿ, ಜಮಖಂಡಿ ರಸ್ತೆಯಲ್ಲಿ ಕ್ರಾಸಿಗೊಂದು ಸಿಗುತ್ತದೆ. ಈ ಅಂಗಡಿಗಳು ನಿಮ್ಮ ಸಾಮಾನ್ಯ ಟ್ಯೂಬ್‌ಲೆಸ್ ಟೈರನ್ನು ಹತ್ತು ನಿಮಿಷದಲ್ಲಿ ಸರಿ ಮಾಡುತ್ತವೆ. ಹವಾ ಇಲ್ಲದೆ ಓಡಿದ ರನ್‌ಫ್ಲ್ಯಾಟನ್ನು ರಿಪೇರಿ ಮಾಡಬೇಡಿ ಎಂದು ಬಹಳಷ್ಟು ಕಂಪನಿಗಳೇ ಹೇಳುತ್ತವೆ. ಒಳಗಿನ ಪದರ ಎಷ್ಟು ಬೆಂದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನನ್ನ ಮಗಳು ಸುಮ್ಮನೆ ಕೇಳಿ ಒಂದೇ ಮಾತು ಅಂದಳು: "ಅಪ್ಪಾ, ರಾತ್ರಿ ಒಂಬತ್ತಕ್ಕ ಒಬ್ಬಾಕಿನ ಬರೂ ಮುಂದ ಗಾಲಿ ಕೂತ್ರ ಜಾಕ್ ಯಾರು ತಿರಗಸ್ಬೇಕು?"

ಅವಳ ಮಾತಿನಲ್ಲಿ ಸತ್ಯ ಇದೆ. ರನ್‌ಫ್ಲ್ಯಾಟಿನ ಪರ ಹೇಳುವ ಎಲ್ಲ ಮಾತಿಗಿಂತ ತೂಕದ ಮಾತು ಇದು. ಕತ್ತಲಲ್ಲಿ, ಲಾರಿ ಓಡುವ ಹೆದ್ದಾರಿಯ ಬದಿಗೆ ಕೂತು ನಟ್ಟು ಬಿಚ್ಚುವುದು ಯಾರಿಗೂ ಒಳ್ಳೆಯದಲ್ಲ. ವಯಸ್ಸಾದವರಿಗೂ ಆಗದ ಕೆಲಸ. ಆದರೆ ಅದಕ್ಕೆ ಮದ್ದು ಬೇರೆ ಇದೆ, ಅಗ್ಗದ್ದು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಬಹಳ ಸಲ ಮೊಳೆಯೇ ಬಿರಡೆಯಾಗಿ ಕೂತು ಹವಾ ನಿಧಾನವಾಗಿ ಸೋರುತ್ತದೆ. ವಾಲ್ವಿನ ಮುಚ್ಚಳದ ಜಾಗದಲ್ಲಿ ಕೂರುವ ಸಣ್ಣ ಸೆನ್ಸರುಗಳು ಬಂದಿವೆ. ಹವಾ ಇಳಿದ ಕೂಡಲೇ ಒಳಗಿನ ಪುಟ್ಟ ಪರದೆ ಕೂಗುತ್ತದೆ. ಜೊತೆಗೆ ಕಾರಿನ 12 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸುವ ಹವಾ ಪಂಪು. ಎರಡೂ ಸೇರಿ ಒಂದೆರಡು ಸಾಮಾನ್ಯ ಟೈರಿನ ಬೆಲೆಯೊಳಗೆ ಆಗುತ್ತದೆ. ಮೊಳೆ ಕೀಳಬೇಡಿ, ಹವಾ ತುಂಬಿ, ಮುಂದಿನ ಕ್ರಾಸಿನ ಅಂಗಡಿ ಮುಟ್ಟಿ. ಮಗಳ ಕಾರಿಗೆ ಇದನ್ನೇ ಮಾಡಿಸಿದ್ದೇನೆ. ಪಕ್ಕೆ ಸೀಳಿದರೆ ಮಾತ್ರ ಪಂಪು ಉಪಯೋಗಕ್ಕೆ ಬರುವುದಿಲ್ಲ. ಆಗ ಸ್ಟೆಪ್ನಿಯೇ ಗತಿ.

ಸ್ಟೆಪ್ನಿ ಎಂದಾಗ ನನ್ನದೇ ಒಂದು ಮರ್ಯಾದೆಗೇಡಿನ ಕಥೆ ಹೇಳಬೇಕು. ಬಬಲೇಶ್ವರದಲ್ಲಿ ಒಂದು ಸೀಮಂತ ಮುಗಿಸಿಕೊಂಡು ಸಂಜೆ ಊರಿಗೆ ಬರುತ್ತಿದ್ದೆವು. ಸಾರವಾಡ ಇನ್ನೂ ದೂರವಿತ್ತು, ಡೋಣಿ ದಾಟಿರಲಿಲ್ಲ. ಗಾಲಿ ಕೂತಿತು. ಜಾಕ್ ಇತ್ತು, ಪಾನಾ ಇತ್ತು. ಎರಿ ಮಣ್ಣಿನ ಬದಿಯಲ್ಲಿ ಜಾಕ್ ಹುಗಿಯದಂತೆ ಅಡಿಗೆ ಕಲ್ಲು ಕೊಟ್ಟೆ. ಪಾನಾದ ಮೇಲೆ ನಿಂತು ನಟ್ಟು ಸಡಿಲಿಸಿದೆ. ಬೆವರಿಳಿಸಿಕೊಂಡು ಗಾಲಿ ಬದಲಿಸಿ, ಜಾಕ್ ಇಳಿಸಿದರೆ ಸ್ಟೆಪ್ನಿಯೂ ಕೂತಿತು. ನಾಲ್ಕು ವರ್ಷ ಅದರ ಮುಖ ನೋಡಿರಲಿಲ್ಲ. ಪಕ್ಕದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಲ್ಲಿಸಿದ ಹುಡುಗ ಇಳಿದು ಬಂದು ನೋಡಿ, "ಕಾಕಾ, ಎರಡೂ ಒಂದ ಜಾತಿ ಅದಾವಲ್ರಿ" ಎಂದ. ಕೊನೆಗೆ ಒಂದು ಗಾಲಿಯನ್ನು ಟಂಟಂನಲ್ಲಿ ಹಾಕಿಕೊಂಡು ಬಬಲೇಶ್ವರಕ್ಕೆ ವಾಪಸು ಹೋದೆ. ಮನೆಯವರು ಕಾರಿನಲ್ಲಿ ಬಾಗಿಲು ಹಾಕಿಕೊಂಡು ಒಂದೂವರೆ ತಾಸು ಕೂತರು. ಅವತ್ತು ಅವರು ಏನೂ ಅನ್ನಲಿಲ್ಲ. ಈಗಲೂ ನೆಂಟರ ಮುಂದೆ ಅನ್ನುತ್ತಾರೆ.

ಹೊಸ ಕಾರು ಕೊಳ್ಳುವವರಿಗೆ ಇನ್ನೊಂದು ಸಂಗತಿ ತಿಳಿದಿರಲಿ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರು, ಹವಾ ಅಳೆಯುವ ವ್ಯವಸ್ಥೆ ಮತ್ತು ಪಂಚರ್ ರಿಪೇರಿಯ ಪೆಟ್ಟಿಗೆ ಇದ್ದರೆ ಮೂರೂವರೆ ಟನ್ ಒಳಗಿನ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಕೊಡಲೇಬೇಕೆಂದಿಲ್ಲ. ಹೀಗಾಗಿ ಸಾಮಾನ್ಯ ಟೈರಿನ ಕಾರೂ ಸ್ಟೆಪ್ನಿ ಇಲ್ಲದೆ ಬರಬಹುದು. ಆ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಅಂಟುದ್ರವ, ಒಂದು ಪಂಪು ಇರುತ್ತವೆ. ನೆಲಕ್ಕೆ ತಾಗುವ ಭಾಗದ ಸಣ್ಣ ತೂತಿಗೆ ಅದು ಸಾಕು. ಪಕ್ಕೆಯ ಗಾಯಕ್ಕೆ ಸಾಲದು. ಗರಸಿನ ದಾರಿಯಲ್ಲಿ ಹೊಲಕ್ಕೆ, ಒಣದ್ರಾಕ್ಷಿ ಶೆಡ್ಡಿಗೆ ದಿನಾ ಓಡಾಡುವವರು ಷೋರೂಮಿನಲ್ಲಿ ಬಣ್ಣ ಆರಿಸುವ ಮೊದಲು ಡಿಕ್ಕಿಯ ಹಾಸು ಎತ್ತಿ ನೋಡಿ. ನಮ್ಮ ಬೀಗರ ಅಪ್ಪ ಮಾಡಿದ್ದು ಸರಿಯಾದ ಪರೀಕ್ಷೆಯೇ, ಸ್ವಲ್ಪ ತಡವಾಗಿತ್ತು.

ಹಾಗಾದರೆ ಸಾಮಾನ್ಯ ಟೈರು ಕೊಳ್ಳುವಾಗ ಏನು ನೋಡಬೇಕು? ಟೈರಿನ ಪಕ್ಕೆಯೇ ಅದರ ಜಾತಕ. 165/80 ಆರ್ 14 85 ಟಿ ಎಂದಿದ್ದರೆ ಅಗಲ 165 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80, ಗಾಲಿ 14 ಇಂಚು. 85 ಎಂದರೆ ಒಂದು ಟೈರು ಹೊರಬಲ್ಲ ಭಾರ 515 ಕಿಲೋ. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗದ ತನಕ ತಾಳುತ್ತದೆ. ಅಷ್ಟು ವೇಗ ನಮಗೆ ಬೇಡ, ಆದರೆ ಭಾರದ ಸಂಖ್ಯೆ ಕಾರಿನ ಪುಸ್ತಕದಲ್ಲಿ ಇರುವುದಕ್ಕಿಂತ ಕಡಿಮೆ ಇರಬಾರದು. ಅಂಗಡಿಯವರು ಹೇಳದೆ ಬಿಡುವುದು ಇನ್ನೊಂದು, ಒಂದು ಪುಟ್ಟ ಚೌಕಟ್ಟಿನಲ್ಲಿ ಒತ್ತಿದ ನಾಲ್ಕು ಅಂಕಿ. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಮೂರು ವರ್ಷ ಗೋದಾಮಿನಲ್ಲಿ ಕೂತ ಟೈರನ್ನು ರಿಯಾಯಿತಿ ಎಂದು ಕೊಟ್ಟರೆ ಬೇಡ ಅನ್ನಿ. ಕಡಿಮೆ ಓಡಿಸುವವರ ಕಾರಿನಲ್ಲಿ ಟೈರಿನ ಕಚ್ಚು ಸವೆಯುವ ಮೊದಲೇ ರಬ್ಬರು ಮುಪ್ಪಾಗುತ್ತದೆ. ನಮ್ಮ ಬಿಸಿಲಿನಲ್ಲಿ ಪಕ್ಕೆಯ ಮೇಲೆ ಎರಿ ಹೊಲ ಬಿರಿದ ಹಾಗೆ ಸಣ್ಣ ಬಿರುಕು ಕಾಣಿಸಿದರೆ ಕಚ್ಚು ಎಷ್ಟೇ ಇರಲಿ, ತೆಗೆಸಿ. ಕಚ್ಚಿನ ಸಂದಿಯಲ್ಲಿ ಅಲ್ಲಲ್ಲಿ ಸಣ್ಣ ದಿಂಡು ಇರುತ್ತದೆ, 1.6 ಮಿಲಿಮೀಟರಿನದು. ಟೈರು ಅದರ ಮಟ್ಟಕ್ಕೆ ಸವೆದರೆ ಅದರ ಆಯುಷ್ಯ ಮುಗಿಯಿತು.

ಇನ್ನು ಹವಾ. ನಿಮ್ಮ ಅಂಗೈ ಒಮ್ಮೆ ನೋಡಿಕೊಳ್ಳಿ. ನಾಲ್ಕು ಜನ ಕೂತ ಸಣ್ಣ ಕಾರು ಸುಮಾರು 1200 ಕಿಲೋ, ಗಾಲಿಗೆ 300 ಕಿಲೋ. 30 ಪೌಂಡು ಹವಾ ಎಂದರೆ ಒಂದು ಚದರ ಸೆಂಟಿಮೀಟರಿಗೆ ಎರಡು ಕಿಲೋಗಿಂತ ತುಸು ಹೆಚ್ಚಿನ ಒತ್ತಡ. ಭಾಗಿಸಿ ನೋಡಿದರೆ ಒಂದೊಂದು ಗಾಲಿ ನೆಲಕ್ಕೆ ತಾಗಿರುವುದು 12 ಸೆಂಟಿಮೀಟರ್ ಚೌಕದಷ್ಟು ಜಾಗದಲ್ಲಿ, ಅಗಲಿಸಿದ ಒಂದು ಅಂಗೈಯಷ್ಟು. ಇಡೀ ಸಂಸಾರ ನಾಲ್ಕು ಅಂಗೈಗಳ ಮೇಲೆ ಓಡುತ್ತಿರುತ್ತದೆ. ಹವಾ ಕಡಿಮೆಯಾದರೆ ಸಾಮಾನ್ಯ ಟೈರಿನ ಪಕ್ಕೆಯೂ ಬಾಗಿ ಬಾಗಿ ಬೇಯುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಗಾಳಿ, ಅದಕ್ಕಿಂತ ಕಾದ ಡಾಂಬರು, ಒಳಗೆ ಐದು ಜನ, ಮೇಲೆ ಲಗೇಜು. ಬೇಸಿಗೆಯಲ್ಲಿ ಟೈರು ಸಿಡಿದಾಗ ಜನ ಬಿಸಿಲನ್ನು ಬೈಯುತ್ತಾರೆ. ಬಹಳ ಸಲ ಬೈಯಬೇಕಾದದ್ದು ಕಡಿಮೆ ಇದ್ದ ಹವಾವನ್ನು.

ಬಿಸಿಲೆಂದು ಹವಾ ಇಳಿಸುವ ರೂಢಿ ನಮ್ಮಲ್ಲಿದೆ. ಅದು ತಪ್ಪು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ನಾಲ್ಕಾರು ಪೌಂಡು ಏರುವುದು ಸಹಜ, ಅದನ್ನು ಲೆಕ್ಕ ಹಾಕಿಯೇ ಟೈರು ಮಾಡಿರುತ್ತಾರೆ. ಮುಂಜಾನೆ, ಗಾಡಿ ತಣ್ಣಗಿರುವಾಗ ಅಳೆಸಿ. ಎಷ್ಟಿರಬೇಕು ಎಂದು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ಅಂಗಡಿಯವನ ಅಂದಾಜಿಗೆ ಬಿಡಬೇಡಿ. ನೈಟ್ರೋಜನ್ ಹಾಕಿಸಲೇ ಎಂದು ಕೇಳುವವರಿಗೆ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆ.

ರನ್‌ಫ್ಲ್ಯಾಟಿನೊಂದಿಗೇ ಬಂದ ಕಾರು ನಿಮ್ಮದಾಗಿದ್ದರೆ, ಟೈರು ಸವೆದಾಗ ಮತ್ತೆ ಅದನ್ನೇ ಹಾಕಿಸಿ. ಎರಡು ಇದು, ಎರಡು ಅದು ಎಂದು ಬೆರೆಸಬೇಡಿ. ಪಕ್ಕೆಯ ಮೇಲೆ ಆರ್‌ಎಫ್‌ಟಿ, ಎಸ್‌ಎಸ್‌ಆರ್, ಜ಼ೆಡ್‌ಪಿ ಎಂದು ಕಂಪನಿಗೊಂದು ಗುರುತು ಇರುತ್ತದೆ, ಕೊಳ್ಳುವಾಗ ಓದಿ ನೋಡಿ. ಊರಿಗೆ ಬರುವಾಗ ಆ ಅಳತೆಯ ಟೈರು ದಾರಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ಒಂದು ಫೋನು ಮಾಡಿಟ್ಟುಕೊಂಡಿರಿ. ಬೀಗರ ಮಗ ಈಗ ಹಾಗೇ ಮಾಡುತ್ತಾನೆ. ಹೊಲಕ್ಕೆ ಹೋಗುವಾಗ ಕಾರನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ಅಜ್ಜನ ಚಕ್ಕಡಿ ಏರುತ್ತಾನೆ.

ಉಳಿದ ನಾವೆಲ್ಲ ಸಾಮಾನ್ಯ ಟೈರನ್ನೇ ಹಾಕಿಸೋಣ. ಮುಂದಿನ ಸಲ ಹವಾ ಹೊಡೆಸಲು ನಿಂತಾಗ ಅಂಗಡಿಯ ಹುಡುಗ ನಾಲ್ಕು ಗಾಲಿ ಮುಗಿಸಿ ಪೈಪು ಸುತ್ತುವ ಮೊದಲು ಡಿಕ್ಕಿ ತೆಗೆಯಿರಿ, ಐದನೆಯದನ್ನು ತೋರಿಸಿ. ಬಾಗಿಲಿನ ಚೀಟಿಯಲ್ಲಿ ಇರುವುದಕ್ಕಿಂತ ಎರಡು ಪೌಂಡು ಹೆಚ್ಚೇ ಇರಲಿ. ಇವತ್ತು ಮುಂಜಾನೆ ನಾನು ಅಳೆಸಿದೆ, ನನ್ನದರಲ್ಲಿ 32 ಇದೆ.